ಮೂರು ಮೊಳದ ಸೀರೆತುಂಡು

ನನ್ನ ಮೊಮ್ಮಗಳಿಗೆ ಈಗ ಐದೂವರೆ ವರ್ಷ. ಪೆನ್ಸಿಲನ್ನು ಒನಕೆಯಂತೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ನಾಲ್ಕಕ್ಷರ ಬರೆಯುವಷ್ಟರಲ್ಲಿ ಕೈ ಸೋತು ತಲೆಯನ್ನು ಡೆಸ್ಕಿನ ಮೇಲೆ ಇಟ್ಟುಬಿಡುತ್ತಾಳೆ. ಒಂಟಿ ಕಾಲಲ್ಲಿ ನಿಲ್ಲಲಾರಳು. ಇದಕ್ಕೆ ಯಾರು ಕಾರಣ ಎಂದು ಮನೆಯವರು, ನೆಂಟರು ವರ್ಷಗಟ್ಟಲೆ ಮಾತಾಡಿ ಕೊನೆಗೆ ನನ್ನ ಸೊಸೆಯ ಕಡೆ ಬೆರಳು ತೋರಿಸಿದರು. ನಿಜ ಗೊತ್ತಿದ್ದವನು ನಾನೊಬ್ಬನೇ. ನಾನು ಸುಮ್ಮನಿದ್ದೆ.

ಗುಂಡ್ಲುಪೇಟೆಯಲ್ಲಿ ಹೆದ್ದಾರಿಗೆ ಅಂಟಿಕೊಂಡಂತೆ ನನ್ನದೊಂದು ಗೋಣಿಚೀಲದ ಅಂಗಡಿ ಇದೆ. ಹರಿದ ಚೀಲಗಳನ್ನು ದಬ್ಬಳದಿಂದ ಹೊಲಿದು ಈರುಳ್ಳಿ ವ್ಯಾಪಾರಿಗಳಿಗೆ ಕೊಡುವ ಕೆಲಸ. ಅಂಗಡಿಯ ಹಿಂದೆಯೇ ಮನೆ. ಮಗ ಕೇರಳ ಗಡಿಯ ಮದ್ದೂರು ಕಡೆ ಕಾಡಿನ ವಾಚರ್, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನನ್ನ ಹೆಂಡತಿ ಈ ಕೂಸು ಹುಟ್ಟುವ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಹೀಗಾಗಿ ಏಳು ತಿಂಗಳ ಕೂಸನ್ನು ನನ್ನ ಕೈಗೆ ಕೊಟ್ಟು ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ವಾಪಸು.

ಕೂಸು ತೆವಳಲು ಶುರುಮಾಡಿದ ಹೊಸತು. ಒಂದು ಮಧ್ಯಾಹ್ನ ನಾನು ಚೀಲದ ಬಾಯಿ ಹೊಲಿದು ತಲೆ ಎತ್ತಿದರೆ ಅದು ಅಂಗಡಿಯ ಹೊಸ್ತಿಲಲ್ಲಿತ್ತು. ಎರಡೂ ಕೈ ಆಚೆಗೆ. ಕೇರಳದ ಕಡೆ ಹೋಗುವ ಲಾರಿಯೊಂದು ಧೂಳೆಬ್ಬಿಸಿಕೊಂಡು ಮಾರುದೂರದಲ್ಲಿ ಹಾದುಹೋಯಿತು. ಓಡಿಹೋಗಿ ಕೂಸನ್ನು ಎತ್ತಿಕೊಂಡೆ. ಅಂದೇ ಹೆಂಡತಿಯ ಹಳೇ ಸೀರೆಯಿಂದ ಮೂರು ಮೊಳ ಹರಿದೆ. ಒಂದು ತುದಿಯನ್ನು ಕೂಸಿನ ಸೊಂಟಕ್ಕೆ, ಇನ್ನೊಂದನ್ನು ಅಂಗಡಿಯ ಕಂಬಕ್ಕೆ ಕಟ್ಟಿದೆ. ಗಂಟುಗಳು ಹೋಗಿ ಉಳಿದದ್ದು ಎರಡು ಮೊಳ. ಕೂರಬಹುದು, ಮಲಗಬಹುದು, ಅಷ್ಟೆ.

ಅಂದಿನ ಭಯ ನಿಜ. ಮರುದಿನದಿಂದ ಮಾಡಿದ್ದಕ್ಕೆ ಭಯದ ನೆಪ ಹೇಳಲಾರೆ. ಮನೆಯ ಹಿಂದೆ ಗೇಟು ಹಾಕಿದ, ಸಮತಟ್ಟಾದ ಹಿತ್ತಿಲಿತ್ತು. ಅಲ್ಲಿ ಬಿಟ್ಟರೆ ನಾನೂ ಅಲ್ಲೇ ಕೂರಬೇಕಿತ್ತು. ಅಂಗಡಿ ಮುಂದಿನ ಹರಟೆ ತಪ್ಪುತ್ತಿತ್ತು. ಕಟ್ಟಿಹಾಕುವುದು ನನಗೆ ಅನುಕೂಲವಾಗಿತ್ತು. ಎರಡು ವರ್ಷ ತುಂಬುವವರೆಗೂ ಹಾಗೇ ನಡೆಯಿತು. ಸಂಜೆ ಸೊಸೆಯ ಬಸ್ಸು ಬರುವ ಮುಂಚೆ ಬಿಚ್ಚಿ, ಮಡಚಿ, ಚೀಲಗಳ ಅಡಿಯಲ್ಲಿ ಇಡುತ್ತಿದ್ದೆ. ತಪ್ಪೆಂದು ಗೊತ್ತಿಲ್ಲದವನು ಬಚ್ಚಿಡುತ್ತಿದ್ದನೇ?

ಮೊದಲ ವಾರ ಕೂಸು ಅತ್ತಿತು. ಆಮೇಲೆ ಅಳು ನಿಂತಿತು. ಏನಾದರೂ ಬೇಕಾದರೆ ಕೈ ಚಾಚಿ ನನ್ನ ಮುಖ ನೋಡುತ್ತಿತ್ತು, ನಾನು ಎದ್ದು ತಂದುಕೊಡುತ್ತಿದ್ದೆ.

"ಯಜಮಾನ್ರೇ, ಇದೇನ್ ಕೂಸೋ ಗೊಂಬೆಯೋ? ಕೂತಿದ್ ಕಡೆನೇ ಕೂತದಲ್ಲ!" ಎಂದು ಲಾರಿಯವನೊಬ್ಬ ಆಶ್ಚರ್ಯಪಟ್ಟಿದ್ದ.

"ನನ್ ಕೈಲಿ ಬೆಳೀತಿರೋ ಕೂಸು ಕಣ್ಲಾ. ನಿನ್ನಂಗೆ ಊರೂರು ಸುತ್ತದೇನ್ಲಾ?" ಎಂದು ನಾನು ನಕ್ಕಿದ್ದೆ. ಸೀರೆತುಂಡು ಚೀಲದ ಮರೆಯಲ್ಲಿತ್ತು, ಅವನಿಗೆ ಕಾಣಲಿಲ್ಲ.

ಶಾಲೆಗೆ ಸೇರಿಸಿದ ಮೇಲೆ ಅಕ್ಷರ ತಿದ್ದಿಸಲು ಕೂತವನೂ ನಾನೇ. ಎಸ್ಸೆಸ್ಸೆಲ್ಸಿ ಓದಿದವನೆಂಬ ಜಂಬ ಬೇರೆ. ಬಳಪ ಕೈಜಾರಿದಾಗಲೆಲ್ಲ ಸ್ಕೇಲಿನಿಂದ ಗೆಣ್ಣಿಗೆ ಹೊಡೆದೆ. ಆ ಬೆರಳಿಗೆ ಬಲ ಬರದಂತೆ ಮಾಡಿದ್ದು ಯಾರೆಂದು ಆಗ ಯೋಚಿಸಲಿಲ್ಲ.

ಕೊನೆಗೆ ಶಾಲೆಯ ಟೀಚರಮ್ಮ ಡಾಕ್ಟರಿಗೆ ತೋರಿಸಲು ಹೇಳಿದರು. ಸೊಸೆ ರಜೆ ಹಾಕಿದಳು, ಮೂವರೂ ಚಾಮರಾಜನಗರಕ್ಕೆ ಹೋದೆವು. ಮಕ್ಕಳ ಕೈಕಾಲಿನ ಬಲ ನೋಡುವ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಮಗು ಅಂಬೆಗಾಲಿಟ್ಟು ಚೆನ್ನಾಗಿ ಓಡಾಡ್ತಿತ್ತಾ?"

ಸೊಸೆ ತಲೆ ತಗ್ಗಿಸಿದಳು. "ನಾನ್ ಕೆಲ್ಸುಕ್ ಓಯ್ತಿದ್ದೆ ಮೇಡಂ. ಬಂದ್ ಮ್ಯಾಲೆ ನನ್ ಮಡ್ಲಲ್ಲೇ ಇರ್ತಿತ್ತು. ಮಾವುನ್ಗೇ ಗೊತ್ತು."

"ಬರವಣಿಗೆ ಬರೀ ಬೆರಳಿನ ಕೆಲಸ ಅಲ್ಲ ತಾತ," ಎಂದರು ಡಾಕ್ಟರಮ್ಮ. "ಅಂಬೆಗಾಲಿಡುವಾಗ ಅಂಗೈ ಮೇಲೆ ಭಾರ ಬೀಳುತ್ತೆ. ಹತ್ತಿ, ಇಳಿದು, ಬಿದ್ದು ಆಡುವಾಗ ಭುಜ, ಬೆನ್ನು ಗಟ್ಟಿಯಾಗುತ್ತೆ. ಬೆನ್ನೇ ನೆಟ್ಟಗೆ ನಿಲ್ಲದಿದ್ರೆ ಕೈ ಎಷ್ಟು ಹೊತ್ತು ಬರೆಯುತ್ತೆ? ಅದಕ್ಕೇ ಕೇಳ್ತಿದ್ದೀನಿ."

"ಎಲ್ಲಾ ಮಕ್ಳಂಗೇ ಮಾಡ್ತು ಕಣವ್ವ. ಮನೆ ತುಂಬಾ ಓಡಾಡ್ಕಂಡಿತ್ತು," ಎಂದೆ.

ಅವರು ಬರೆದುಕೊಂಡರು. ನನ್ನ ಸುಳ್ಳು ಚೀಟಿಯ ಮೇಲೆ ಸಾಲಾಗಿ ಇಳಿಯುವುದನ್ನು ಕಣ್ಣಾರೆ ನೋಡಿದೆ.

"ಅಷ್ಟು ಓಡಾಡಿದ ಮಗು ಹೀಗಿದೆ ಅಂದ್ರೆ ಮಾಂಸಖಂಡದ ಕಾಯಿಲೆ ಇರಬಹುದು. ದೊಡ್ಡ ಡಾಕ್ಟರ ಜೊತೆ ಮಾತಾಡ್ತೀನಿ. ಬರೋ ಮಂಗಳವಾರ ಬನ್ನಿ, ಮೈಸೂರಿಗೆ ಪತ್ರ ಕೊಡ್ತೀನಿ." ಅಲ್ಲಿ ಸೂಜಿ ಹಾಕಿ ನರ ಪರೀಕ್ಷೆ ಮಾಡುತ್ತಾರಂತೆ. ಬೇಕಾದರೆ ಮತ್ತು ಬರಿಸಿ ತೊಡೆಯಿಂದ ಚೂರು ಮಾಂಸ ತೆಗೆದು ನೋಡುತ್ತಾರಂತೆ.

ಆ ವಾರ ಮಗ ಮನೆಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಏಳ್ ತಿಂಗ್ಳಿಗೆ ಆಲು ಬುಡಿಸ್ಬುಟ್ಟು ಬಸ್ ಅತ್ತುದ್ಯಲ್ಲ, ಅದ್ಕೇ ಕೂಸು ಇಂಗಾಗ್ಯದೆ!"

ಸೊಸೆ ಒಲೆಯ ಮುಂದೆ ಕೂತಳು. ನನ್ನ ತಟ್ಟೆಗೆ ಬಿಸಿ ಮುದ್ದೆ ಹಾಕಿದಳು. ನಾನು ತಿಂದೆ.

ಮಂಗಳವಾರ ಬಸ್ಸಿನಲ್ಲಿ ಕೂಸು ನನ್ನ ತೊಡೆಯ ಮೇಲಿತ್ತು. ತೆರಕಣಾಂಬಿ ಬಂದಾಗ ಹೇಳಿಬಿಡೋಣ ಎಂದುಕೊಂಡೆ. ತೆರಕಣಾಂಬಿಯಲ್ಲಿ ಜನ ಹತ್ತಿದರು, ಇಳಿದರು, ನನ್ನ ಬಾಯಿ ಏಳಲಿಲ್ಲ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಹೇಳೋಣವೆಂದುಕೊಂಡೆ. ಅಲ್ಲಿ ಸೊಸೆ ಆಟೋ ಹಿಡಿದಳು. ಕೂಸು ನನ್ನ ಕಿವಿಯಲ್ಲಿ ಕೇಳಿತು, "ತಾತ, ಸೂಜಿ ಚುಚ್ತಾರಾ? ದಬ್ಳುದಂಗಿರ್ತದಾ?" ನಾನು ಆಚೆ ನೋಡಿದೆ.

ಡಾಕ್ಟರಮ್ಮನ ಮೇಜಿನ ಮೇಲೆ ಪತ್ರ ಸಿದ್ಧವಾಗಿತ್ತು. ಸಹಿಯೊಂದು ಬಾಕಿ. ಹಾಕುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಕೂಸನ್ನು ಚಾಪೆಯ ಮೇಲೆ ಕೂರಿಸಿ ಕೆಂಪು ಚೆಂಡನ್ನು ಉರುಳಿಸಿದರು. ಚೆಂಡು ನಾಲ್ಕಡಿ ಆಚೆ ಹೋಗಿ ನಿಂತಿತು.

ಕೂಸು ಅಲುಗಲಿಲ್ಲ. ಕೈ ಚಾಚಿ ನನ್ನ ಮುಖ ನೋಡಿತು.

ನಾನು ಎದ್ದುಬಿಟ್ಟೆ. ಬೇಕೆಂದು ಎದ್ದದ್ದಲ್ಲ, ಕಾಲು ತಾನಾಗಿ ಎದ್ದಿತು. ಚೆಂಡು ಎತ್ತಲು ಬಗ್ಗಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು, "ತಾತ, ನೀವ್ಯಾಕೆ ಎದ್ರಿ?"

ಬಗ್ಗಿದವನು ಹಾಗೇ ನೆಲದ ಮೇಲೆ ಕೂತೆ. "ನಾನು ಸುಳ್ಳೇಳ್ದೆ ಕಣವ್ವ. ಇದುನ್ನ ತೆವುಳುಕ್ಕೆ ಬುಡ್ಲೇ ಇಲ್ಲ. ಕಂಬುಕ್ ಕಟ್ಟಾಕ್ತಿದ್ದೆ, ಎರಡು ವರ್ಸ ಆಗೋಗಂಟ," ಎಂದೆ. ಸೀರೆತುಂಡು, ಚೀಲದ ಅಡಿ, ಸ್ಕೇಲಿನ ಏಟು, ಎಲ್ಲವನ್ನೂ ಹೇಳಿದೆ. ಸೊಸೆಯ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇದು ಮೊದಲೇ ಗೊತ್ತಾಗಬೇಕಿತ್ತು. ಮೂರು ತಿಂಗಳು ವ್ಯಾಯಾಮ ಮಾಡಿಸಿ ನೋಡೋಣ. ಸುಧಾರಿಸದಿದ್ರೆ ಮೈಸೂರು," ಎಂದು ಪತ್ರವನ್ನು ಸಹಿ ಹಾಕದೆ ಫೈಲಿನೊಳಗೆ ಇಟ್ಟರು.

ವಾಪಸು ಬರುವಾಗ ಸೊಸೆ ಕೂಸನ್ನು ಕರೆದುಕೊಂಡು ಬೇರೆ ಸೀಟಿನಲ್ಲಿ ಕೂತಳು. ಗುಂಡ್ಲುಪೇಟೆಯಲ್ಲಿ ಇಳಿದ ಮೇಲೆ ಒಂದೇ ಮಾತಾಡಿದಳು. "ನನ್ ಎದೆಯಾಲ್ನೇ ಬೈಕಂಡು ಬದುಕ್ದೆ ಮಾವ. ನೀವು ನೋಡ್ಕಂಡು ಉಣ್ತಾ ಕೂತಿದ್ರಲ್ಲ."

ಆ ರಾತ್ರಿ ಮಗನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವನು ಇವತ್ತಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಈಗ ಶಾಲೆ ಬಿಟ್ಟ ಮೇಲೆ ಕೂಸು ಪಕ್ಕದ ಮನೆಯಲ್ಲಿರುತ್ತದೆ, ನನ್ನ ಹತ್ತಿರ ಬಿಡುವುದಿಲ್ಲ. ಸಂಜೆ ಸೊಸೆ ಬಂದ ಮೇಲೆ ಒಂದು ಗಂಟೆ, ಅವಳ ಕಣ್ಣೆದುರಿಗೆ, ಹಿತ್ತಿಲಲ್ಲಿ ವ್ಯಾಯಾಮ. ರಾಗಿಹಿಟ್ಟು ನಾದಿಸುತ್ತೇವೆ. ಹುಲ್ಲು ತುಂಬಿದ ಗೋಣಿಚೀಲಗಳನ್ನು ಹತ್ತಿಸಿ ಇಳಿಸುತ್ತೇವೆ. ನಾನೂ ಮಂಡಿಯೂರಿ ಅಂಬೆಗಾಲಿಡುತ್ತೇನೆ. "ಏನ್ ಯಜಮಾನ್ರೇ, ಈ ವಯಸ್ನಲ್ಲಿ ಆನೆ ಆಟ್ವಾ?" ಎಂದು ಬೇಲಿಯಾಚೆಯಿಂದ ನಗುವವರಿದ್ದಾರೆ. ಮಂಡಿ ಊದುತ್ತದೆ, ಊದಲಿ.

ಮೂರು ತಿಂಗಳಿಗೆ ಇನ್ನು ಹನ್ನೊಂದು ದಿನ ಬಾಕಿ. ಪತ್ರ ಇನ್ನೂ ಆ ಫೈಲಿನಲ್ಲೇ ಇದೆ.

ನಿನ್ನೆ ಸಂಜೆ ಚೆಂಡು ಉರುಳಿ ತೆಂಗಿನ ಬುಡದಲ್ಲಿ ನಿಂತಿತು. ಚೀಲದ ಮೇಲೆ ಕೂತಿದ್ದ ಕೂಸು ಕೈ ಚಾಚಿ, "ತಾತ, ಕೊಡು," ಎಂದಿತು. ನನ್ನ ಮೈ ಮುಂದಕ್ಕೆ ವಾಲಿತು.

"ಏಳ್ಬ್ಯಾಡಿ ಮಾವ. ಕೂತ್ಕಳಿ," ಎಂದಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಸೊಸೆ.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೂಸು ನನ್ನನ್ನು ನೋಡಿತು, ಅಮ್ಮನನ್ನು ನೋಡಿತು. ಆಮೇಲೆ ಚೀಲದಿಂದ ಜಾರಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿತು.