ಮೈದುನನ ಹೇಳಿಕೆಯನ್ನು ನಾನು ತಿದ್ದಿದ್ದು

ದಾಂಡೇಲಿಯ ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ ಒಂದು ಹಳೆಯ ಕ್ಯಾನ್ ಇದೆ. ಕರಿದು ಉಳಿದ ಎಣ್ಣೆಯನ್ನು ಅದಕ್ಕೇ ಸುರಿಯಬೇಕು, ಮೋರಿಗಲ್ಲ. ಈ ಕಾನೂನು ತಂದವನು ನನ್ನ ಮೈದುನ. ಹಳಿಯಾಳದಲ್ಲಿ ಐಟಿಐ ಮುಗಿಸಿ, ಸರಕು ಹಡಗಿನ ಎಂಜಿನ್ ಕೋಣೆಗೆ ಫಿಟ್ಟರ್ ಆಗಿ ಹೋದವನು. ಮೊದಲ ರಜೆಗೆ ಬಂದಾಗ ನಾನು ಬಾಣಲೆಯ ಎಣ್ಣೆಯನ್ನು ಸಿಂಕಿಗೆ ಸುರಿಯುವುದನ್ನು ನೋಡಿ ಹೌಹಾರಿದ್ದ.

"ವೈನಿ, ಹಡಗಿನಾಗ ಹಿಂಗ ಮಾಡಿದ್ರ ನಿಮ್ಮನ್ನ ಹಿಡಕೊಂಡ ಹೋಗ್ತಿದ್ರು."

ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ನಕ್ಕರು. "ಸಮುದ್ರ ಅಷ್ಟು ದೊಡ್ಡದೈತಿ. ಒಂದು ಬಟ್ಟಲ ಎಣ್ಣಿ ಬಿಟ್ರ ಯಾರು ನೋಡ್ತಾರೋ?"

"ಪುಸ್ತಕ ಐತ್ಯವ್ವ. ಎಷ್ಟು ಬಿಟ್ಟೀವಿ, ಎಲ್ಲಿ ಬಿಟ್ಟೀವಿ, ಎಲ್ಲಾ ಬರದು ಸಹಿ ಮಾಡಬೇಕು."

ಬಾಣಲೆಗೆ ನೀರು ಹಾಕಿ ತೋರಿಸಿದ. ಎಂಜಿನ್ನಿನಿಂದ ಸೋರಿದ ಎಣ್ಣೆ, ನೀರು ಎರಡೂ ಹಡಗಿನ ತಳದಲ್ಲಿ ಹೀಗೇ ಕೂಡಿಕೊಳ್ಳುತ್ತವಂತೆ. ಒಂದು ಯಂತ್ರ ಎಣ್ಣೆಯನ್ನು ಬೇರ್ಪಡಿಸುತ್ತದೆ. ಹತ್ತು ಲಕ್ಷ ಪಾಲು ನೀರಿನಲ್ಲಿ ಹದಿನೈದು ಪಾಲಿಗಿಂತ ಹೆಚ್ಚು ಎಣ್ಣೆ ಉಳಿದರೆ ಆ ನೀರನ್ನು ಸಮುದ್ರಕ್ಕೆ ಬಿಡುವಂತಿಲ್ಲ. ಹೊಗೆಗೂ ಕಾನೂನಿದೆ. ಗಂಧಕ ಹೆಚ್ಚಿರುವ ಎಣ್ಣೆ ಸುಡುವಂತಿಲ್ಲ. ಕೆಲವು ದೇಶಗಳ ದಂಡೆ ಹತ್ತಿರವಾದರೆ ಇನ್ನೂ ಚೊಕ್ಕ ಎಣ್ಣೆಗೆ ಬದಲಾಯಿಸಬೇಕು.

"ಅಲ್ಲಿ ಗಾಳಿಗೂ ಮಡಿ ಐತಿ ಅನ್ನು," ಎಂದರು ಅತ್ತೆ.

ಎರಡು ವರ್ಷದ ನಂತರ ಒಂದು ಮಧ್ಯಾಹ್ನ, ನಾನು ತಾಟು ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಿದ್ದಾಗ, ಫೋನಿಗೆ ಅವನ ದನಿಯ ಮೂರು ಮೆಸೇಜ್ ಬಂದವು. ಹಡಗು ಪರದೇಶದ ಬಂದರಿನಲ್ಲಿತ್ತು. ತಪಾಸಣೆಯವರು ಹತ್ತಿ ಬಂದು, ಒಂದು ಪೈಪಿನ ನಟ್ಟುಗಳ ಮೇಲಿನ ಬಣ್ಣ ಕಿತ್ತುಹೋಗಿದ್ದನ್ನು ನೋಡಿ, ಅದನ್ನು ಈಚೆಗೆ ಬಿಚ್ಚಿ ಜೋಡಿಸಿದ್ದಾರೆಂದು ಗುಮಾನಿಪಟ್ಟಿದ್ದರು. ನಡೆದದ್ದನ್ನು ಪ್ರತಿಯೊಬ್ಬರೂ ಮರುದಿನ ಬರೆದು ಕೊಡಬೇಕಿತ್ತು.

"ಚೀಫ್ ಎಂಜಿನಿಯರ್ ಹೇಳಿದ್ರು ವೈನಿ, ಯಂತ್ರ ಕೆಟ್ಟೈತಿ, ಪೈಪ್ ಜೋಡಿಸಿ ತಳದ ನೀರು ಸೀದಾ ಸಮುದ್ರಕ್ಕ ಬಿಡು ಅಂತ. ನಾ ಬ್ಯಾಡ್ರಿ ಅಂದೆ. ಹಂಗಾದ್ರ ಮುಂದಿನ ಬಂದರಕ್ಕ ಇಳದು ಮನಿಗೆ ಹೋಗು ಅಂದ್ರು. ಜೋಡಿಸಿದೆ. ಎರಡು ಸಲ ಬಿಟ್ರು. ಪುಸ್ತಕದಾಗ ಯಂತ್ರದಿಂದ ಬಿಟ್ಟೀವಿ ಅಂತ ಸುಳ್ಳ ಬರದ್ರು. ಇದನ್ನ ಇಂಗ್ಲಿಷಿನಾಗ ಚಂದಂಗ ಬರದ ಕಳಸ್ರಿ. ನಾ ನೋಡಿ ನಕಲು ಮಾಡ್ತೇನಿ."

ಚಂದ ಮಾಡಿ ಬರೆಯುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ನಾನು ಓದಿದ ಕಾನ್ವೆಂಟಿನಲ್ಲಿ ದೂರು ಹೇಳುವ ಹುಡುಗಿಯನ್ನು ವರಾಂಡದಲ್ಲಿ ನಿಲ್ಲಿಸುತ್ತಿದ್ದರು. ಪತ್ರದಲ್ಲಿ ಯಾರ ಮೇಲೂ ಬೆರಳು ತೋರಿಸಬಾರದು. ತಪ್ಪು ಯಾರದೇ ಇರಲಿ, ಕೊನೆಯಲ್ಲಿ ಒಂದು ಕ್ಷಮೆ ಕೇಳಿದರೆ ಅದು ಸಂಸ್ಕಾರ. ಇಪ್ಪತ್ತು ವರ್ಷದಿಂದ ನೆರೆಮನೆಯವರ ಅರ್ಜಿಗಳನ್ನೆಲ್ಲ ನಾನು ಹೀಗೆಯೇ ಬರೆದುಕೊಟ್ಟಿದ್ದೇನೆ, ಹೊಗಳಿಸಿಕೊಂಡಿದ್ದೇನೆ.

ಮಗಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತೆ. ಮೇಲಧಿಕಾರಿಯ ಮೇಲೆ ಬರೆಯುವುದು ಸರಿಯಲ್ಲ, ನಾಳೆ ಅವರ ಕೈಕೆಳಗೇ ಅವನು ದುಡಿಯಬೇಕು ಎಂದು ಚೀಫ್‌ನ ಮಾತು ಬಿಟ್ಟೆ. ಇವನು ಬೇಡ ಎಂದದ್ದು ಜಂಬದಂತೆ ಕಂಡಿತು, ಅದನ್ನೂ ಬಿಟ್ಟೆ. ಪುಸ್ತಕದ ಸುಳ್ಳು ಚಾಡಿಯಂತೆ ಕಂಡಿತು. ಉಳಿದದ್ದು ಇಷ್ಟು: ಪೈಪನ್ನು ನಾನು ಜೋಡಿಸಿದೆ, ಸ್ವಲ್ಪ ಎಣ್ಣೆನೀರು ಸಮುದ್ರಕ್ಕೆ ಹೋಗಿರಬಹುದು, ಆದ ತೊಂದರೆಗೆ ಹೃದಯಪೂರ್ವಕ ವಿಷಾದಿಸುತ್ತೇನೆ, ದಯವಿಟ್ಟು ಮನ್ನಿಸಬೇಕು.

ಅತ್ತೆಯ ಮುಂದೆ ಗಟ್ಟಿಯಾಗಿ ಓದಿದೆ. ಒಂದು ಅಕ್ಷರ ತಿಳಿಯದಿದ್ದರೂ ಅವರು ತಲೆದೂಗಿದರು. "ಕೇಳಾಕ ಎಷ್ಟು ಮೆತ್ತಗೈತಿ! ಇದನ್ನ ಓದಿದ ಮ್ಯಾಲೆ ಯಾರರ ಬೈತಾರ ಏನು?"

ಅವನಿಗೆ ಓದಿ ನೋಡುವಷ್ಟು ಇಂಗ್ಲಿಷ್ ಇತ್ತು, ಅಳೆದು ನೋಡುವಷ್ಟು ಇರಲಿಲ್ಲ. ವೈನಿ ಬರೆದದ್ದು ಎಂದು ನಂಬಿ ನಕಲು ಮಾಡಿ ಸಹಿ ಹಾಕಿದ.

ಯಾರೂ ಬೈಯಲಿಲ್ಲ. ತಪಾಸಣೆಯವರು ಅವನ ಹಾಳೆಯನ್ನು ಮೇಜಿನ ಮೇಲಿಟ್ಟು, ಜೋಡಿಸಿದ್ದು ನೀನೇ, ಕ್ಷಮೆ ಕೇಳಿದ್ದೂ ನೀನೇ, ಚೀಫ್ ಹೇಳಿದ್ದೆಂದು ಇದರಲ್ಲಿ ಎಲ್ಲಿದೆ ಎಂದು ಕೇಳಿದರಂತೆ. ಅವನು ಬಾಯಲ್ಲಿ ಹೇಳಿದ. ಹಾಗಾದರೆ ಹಾಳೆಯಲ್ಲಿ ಯಾಕೆ ಬರೆಯಲಿಲ್ಲ ಎಂದರು. ಹುಡುಗ ಸೋಮಾರಿತನಕ್ಕೆ ಹೀಗೆ ಮಾಡಿದ, ಒಪ್ಪಿಕೊಂಡೂ ಇದ್ದಾನೆ ಎಂದು ಚೀಫ್ ಹೇಳಿಕೆ ಕೊಟ್ಟರು. ಹಡಗಿನವರು ದಂಡ ಕಟ್ಟಿದರು, ಚೀಫ್ ಬೇರೆ ಹಡಗು ಹತ್ತಿದರು. ಇವನನ್ನು ವಿಚಾರಣೆಗೆಂದು ಅಲ್ಲೇ ಒಂದು ಹೋಟೆಲಿನಲ್ಲಿ ಇಡೀ ಮಳೆಗಾಲ ಇಟ್ಟುಕೊಂಡು ಮನೆಗೆ ಕಳಿಸಿದರು. ಸಿಡಿಸಿ ಎನ್ನುವ, ಹಡಗಿನವರ ಪಾಸ್‌ಪೋರ್ಟಿನಂಥ ಪುಸ್ತಕವನ್ನು ಮುಂಬಯಿಯ ಹಡಗು ಇಲಾಖೆಯವರು ಇಟ್ಟುಕೊಂಡರು. ಅದಿಲ್ಲದೆ ಯಾವ ಹಡಗೂ ಇಲ್ಲ.

ಕಂಪನಿಯವನೊಬ್ಬ ನನ್ನ ಗಂಡನಿಗೆ ಫೋನು ಮಾಡಿದ್ದ. ಹೇಳಿಕೆ ಬಹಳ ಸ್ಪಷ್ಟವಾಗಿದೆ, ಅಷ್ಟು ಒಳ್ಳೆಯ ಇಂಗ್ಲಿಷ್ ನಮ್ಮ ಆಫೀಸಿನಲ್ಲೂ ಯಾರೂ ಬರೆಯುವುದಿಲ್ಲ ಎಂದನಂತೆ. ಗಂಡ ಅದನ್ನು ನನಗೆ ಹೇಳಿ, ನನ್ನ ಮುಖ ನೋಡದೆ ಡ್ಯೂಟಿಗೆ ಹೋದರು.

ಮೈದುನ ಬೈದಿದ್ದರೆ ಚೆನ್ನಾಗಿತ್ತು. ಬಂದ ದಿನ ಸಿಂಕಿನ ಕೆಳಗೆ ಬಗ್ಗಿ ಕ್ಯಾನ್ ನೋಡಿದ. "ಇನ್ನೂ ಇಟ್ಟೀರೇನು?" ಎಂದ, ಅಷ್ಟೇ.

ಈಗ ದಾಂಡೇಲಿ ಕಡೆಯ ರಾಮನಗರದಲ್ಲಿ, ಗೋವಾ ರಸ್ತೆಯ ಪಕ್ಕದ ಒಂದು ಗ್ಯಾರೇಜಿನಲ್ಲಿದ್ದಾನೆ. ಹೋದ ತಿಂಗಳು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಲಾರಿಯೊಂದರ ಕೆಳಗೆ ಮಲಗಿ ಕಪ್ಪು ಎಣ್ಣೆಯನ್ನು ಡಬ್ಬಕ್ಕೆ ಇಳಿಸುತ್ತಿದ್ದ. ಉಗುರಿನ ಸುತ್ತ ಕಪ್ಪು ಗೆರೆ. ಡ್ರೈವರ್ ಬೀಡಿ ಸೇದುತ್ತ, "ಗಟಾರಕ್ಕ ಚೆಲ್ಲೋ ಮಾರಾಯ. ಸಮುದ್ರೇನು ಇಲ್ಲಿಗೇ ನಡಕೊಂತ ಬಂದೈತೇನು?" ಎಂದ. ಗ್ಯಾರೇಜಿನವರೆಲ್ಲ ನಕ್ಕರು. ಇವನೂ ನಕ್ಕು ಡಬ್ಬದ ಮುಚ್ಚಳ ಬಿಗಿದ.

ಉಂಡ ಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಸಿಡಿಸಿ ಮರಳಿ ಕೊಡಿ ಎಂದು ಮುಂಬಯಿಯ ಹಡಗು ಇಲಾಖೆಗೆ ಬರೆದ ಅರ್ಜಿ. ಕನ್ನಡದಲ್ಲೇ ಬರೆದಿದ್ದ.

"ಅಲ್ಲಿ ಕನ್ನಡ ಯಾರು ಓದ್ತಾರಪ್ಪ?" ಎಂದೆ.

"ಯಾರರ ಓದಿ ಹೇಳ್ತಾರ."

ನನ್ನ ಕೈ ಅಭ್ಯಾಸದಂತೆ ಪರ್ಸಿನಲ್ಲಿ ಪೆನ್ನು ಹುಡುಕುತ್ತಿತ್ತು. ಅವನು ಅದನ್ನು ನೋಡಿದ.

"ಪೆನ್ನ ಬ್ಯಾಡ ವೈನಿ. ಓದ್ರಿ, ಅಷ್ಟ ಸಾಕು."

ಓದಿದೆ. ಮೊದಲ ಸಾಲಿನಲ್ಲೇ ಚೀಫ್‌ನ ಹೆಸರಿತ್ತು. ತಾನು ಬೇಡ ಅಂದದ್ದಿತ್ತು. ಹಡಗಿನ ಎಣ್ಣೆ ಪುಸ್ತಕದ ಸುಳ್ಳೂ ಇತ್ತು. ಎಲ್ಲೂ ಕ್ಷಮೆ ಇರಲಿಲ್ಲ. ಇದನ್ನೇ ಅವನು ಅವತ್ತು ಮಧ್ಯಾಹ್ನ ನನ್ನ ಫೋನಿಗೆ ಹೇಳಿದ್ದು, ಅದೇ ಕ್ರಮದಲ್ಲಿ.

ಹಾಳೆಯ ಅಂಚಿಗೆ ಎಣ್ಣೆಯ ಬೆರಳಚ್ಚು ಮೂಡಿತ್ತು. ಬೇರೆ ಹಾಳೆಗೆ ಎತ್ತಿ ಬರೆಯೋಣವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಹಾಗೆಯೇ ಮಡಿಸಿ ಅವನ ಕೈಗೆ ಕೊಟ್ಟೆ.