ಸೂಜಿ ಅಕ್ಕನ ಮೂವತ್ತೊಂದು ಕಡ್ಡಿಗಳು

ನಾನು ಅವರನ್ನು ಮೊದಲು ನೋಡಿದ್ದು ಕೆಲಸಕ್ಕೆ ಸೇರಿದ ದಿನ, ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿರುವಾಗ. ತಡವಾದೀತೆಂಬ ಭಯಕ್ಕೆ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದೆ. ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲು ಅರ್ಧ ತೆರೆದಿತ್ತು. ರಕ್ತ ತೆಗೆಯುವ ಕೋಣೆಯಲ್ಲಿ ಬಿಳಿ ಕೋಟು ತೊಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಲ್ಲಿನ ಕಟ್ಟೆಗೆ ಎದೆಯೊತ್ತಿ ಸ್ಟೂಲಿನ ಮೇಲೆ ಕುಳಿತಿದ್ದರು. ಫ್ಯಾನು ಆರಿಸಿದ್ದರು. ಕಟ್ಟೆಯ ಮೇಲೆ ಗೇಣುದ್ದದ ಬಣ್ಣದ ಕಡ್ಡಿಗಳು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. ಅವರು ಎರಡು ಬೆರಳಲ್ಲಿ ಒಂದನ್ನು ಹೂ ಎತ್ತಿದಂತೆ ಎತ್ತಿದರು. ಉಳಿದ ಯಾವುದೂ ಅಲುಗಲಿಲ್ಲ.

ನಾನು ಹತ್ತಿರ ಹೋಗಿ ಬಗ್ಗಿದೆ. ಅವರು ತಲೆಯೆತ್ತದೆ ಹೇಳಿದರು: "ಉಸಿರಾಡೋದಾದ್ರೆ ಆ ಕಡೆ ತಿರುಗಿ ಉಸಿರಾಡಮ್ಮ."

ಕೊನೆಯ ಕಡ್ಡಿ ಎತ್ತಿದ ಮೇಲೆ "ಮೂವತ್ತೊಂದು" ಎಂದು ಎಣಿಸಿ, ಎಲ್ಲವನ್ನೂ ಖಾಲಿ ಸೀಸೆಗೆ ತುಂಬಿ, ಮುಖ ಅರಳಿಸಿ ನನ್ನ ಓದಿನ ಬಗ್ಗೆ ಕೇಳಿದರು. ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು ಎಂದೆ. ಅಂದಿನಿಂದ ನನ್ನ ಹೆಸರು 'ಡಿಗ್ರಿ' ಆಯಿತು. ಅವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಸೂಜಿ ಅಕ್ಕ ಎಂದು.

ಪೊರಕೆಕಡ್ಡಿಗಳನ್ನು ಸಮವಾಗಿ ಕತ್ತರಿಸಿ, ಗಾಜಿನ ಸ್ಲೈಡಿಗೆ ಹಾಕುವ ನೇರಳೆ, ಕೆಂಪು, ನೀಲಿ ಬಣ್ಣಗಳಲ್ಲಿ ಅದ್ದಿ ಅವರೇ ಮಾಡಿಕೊಂಡ ಆಟ ಅದು. ಮುಷ್ಟಿಯಲ್ಲಿ ಹಿಡಿದು ಬಿಡಬೇಕು. ಬಿದ್ದ ರಾಶಿಯಿಂದ ಉಳಿದವು ಅಲುಗದಂತೆ ಒಂದೊಂದೇ ತೆಗೆಯಬೇಕು. ಆಟಕ್ಕೆ ಇಬ್ಬರಿದ್ದರೆ ಚೆನ್ನ ಅಲ್ಲವೇ ಎಂದು ಒಮ್ಮೆ ಕೇಳಿದ್ದೆ. ಎದುರಿಗೆ ಯಾರಾದರೂ ಇದ್ದರೆ ಅವರು ಕನಿಕರಪಟ್ಟು ಸೋತುಕೊಟ್ಟಾರು, ಒಬ್ಬಳೇ ಆಡಿದರೆ ಮೋಸ ಮಾಡುವುದು ಯಾರಿಗೆ ಎಂದು ನಕ್ಕಿದ್ದರು. ಆಡುವಾಗ ಅವರ ಮುಖದಲ್ಲಿ ಎಳೆಯ ಹುಡುಗಿಯ ಸಂತೋಷವಿರುತ್ತಿತ್ತು. ಆದರೆ ಅದಕ್ಕೊಂದು ಕಟ್ಟುನಿಟ್ಟು ಇತ್ತು. ಒಂದು ಕಡ್ಡಿ ಅಲುಗಿದರೆ ಮಾಫಿ. ಎರಡು ಅಲುಗಿದರೆ ಆ ದಿನ ಅವರು ಮಕ್ಕಳಿಗೆ ಸೂಜಿ ಹಾಕುತ್ತಿರಲಿಲ್ಲ. ಈ ಆಟ ಶುರುಮಾಡಿದ ಹನ್ನೆರಡು ವರ್ಷದಲ್ಲಿ ಅಂಥ ದಿನ ನಾಲ್ಕೇ ಬಂದಿದ್ದವಂತೆ.

ನಾನು ಸೇರಿದ ಐದನೆಯ ತಿಂಗಳು ಕಡ್ಡಿಗಳು ಅಲುಗತೊಡಗಿದವು.

ಮೊದಲ ದಿನ ಮೂರು. ಮರುದಿನ ಐದು. ಅಕ್ಕ ಮಕ್ಕಳ ಚೀಟಿಗಳನ್ನು ನನ್ನ ಕಡೆ ತಳ್ಳಿದರು. ವಾರ ಕಳೆಯುವಷ್ಟರಲ್ಲಿ ಅವರು ಚಹಾವನ್ನು ಅರ್ಧ ಲೋಟವೇ ತರಿಸಿಕೊಳ್ಳತೊಡಗಿದ್ದರು. ಬಲಗೈ ಯಾವಾಗಲೂ ಕೋಟಿನ ಜೇಬಿನಲ್ಲಿರುತ್ತಿತ್ತು. ಒಂದು ಮಧ್ಯಾಹ್ನ ರಕ್ತದ ಸೀಸೆಯ ಮೇಲೆ ಹೆಸರು ಬರೆಯುವಾಗ ಆ ಕೈ ನಿಜಕ್ಕೂ ನಡುಗುವುದನ್ನು ಕಂಡೆ. ನಾನು ಕಂಡೆನೆಂದು ಅವರಿಗೂ ಗೊತ್ತಾಯಿತು.

ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆಗೆ ಬರುವ ನಾಲ್ಕು ವರ್ಷದ ಹೆಣ್ಣುಮಗುವೊಂದಿತ್ತು. ಅದರ ಕೈಯಲ್ಲಿ ನರ ಸಿಗುವುದೇ ಕಷ್ಟ. ಅಕ್ಕನಿಗೆ ಮಾತ್ರ ಒಂದೇ ಸಲಕ್ಕೆ ಸಿಗುತ್ತಿತ್ತು. ಆ ಸಲ ನಾನು ಮೂರು ಕಡೆ ಚುಚ್ಚಿದೆ. ಮಗು ಅಳದೆ ಅಕ್ಕನನ್ನೇ ನೋಡುತ್ತಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಮಗುವೂ ಅದರ ತಾಯಿಯೂ ಹೋದ ಮೇಲೆ ಅಕ್ಕ ಬಾಗಿಲು ಮುಂದೆ ಮಾಡಿದರು.

"ನಮ್ಮಪ್ಪ ಕ್ಷೌರಿಕ ಕಣೇ, ಡಿಗ್ರಿ. ಐವತ್ತೆರಡನೇ ವಯಸ್ಸಲ್ಲಿ ಕೈ ನಡುಗಿ ಒಬ್ಬರ ಕೆನ್ನೆ ಕುಯ್ದ. ಮಾರನೇ ದಿನದಿಂದ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೇಲೆ ಅವನಿಗೆ ತುತ್ತು ನಾನೇ ತಿನ್ನಿಸ್ತಿದ್ದೆ. ನನಗೀಗ ಐವತ್ತೊಂದು."

ಡಾಕ್ಟರಿಗೆ ತೋರಿಸಿ ಎಂದೆ. ತೋರಿಸಿದರೆ ಹೌದು ಅಂದುಬಿಡುತ್ತಾರೆ ಎಂದರು. ಸ್ವಯಂ ನಿವೃತ್ತಿಯ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು, ಸೋಮವಾರ ಕೊಡುವವರಿದ್ದರು.

ಆ ಸೋಮವಾರ ನಾನು ಎಂದಿನಂತೆ ಬೇಗ ಬಂದು, ಒಳಕೋಣೆಯಲ್ಲಿ ವಾರ್ಡಿನ ಸೀಸೆಗಳನ್ನು ಯಂತ್ರಕ್ಕೆ ಹಾಕಿದೆ. ರಕ್ತವನ್ನು ಗರಗರನೆ ತಿರುಗಿಸಿ ಕೆಂಪು ಬೇರೆ, ತಿಳಿ ಬೇರೆ ಮಾಡುವ ಯಂತ್ರ ಅದು. ಮೊದಲು ಮೂಲೆಯ ಮರದ ಸ್ಟ್ಯಾಂಡಿನ ಮೇಲಿತ್ತು. ಅದು ಗಟ್ಟಿ ನೆಲೆಯ ಮೇಲಿರಬೇಕೆಂದು ಓದಿದ್ದ ನಾನು, ಆಸ್ಪತ್ರೆಯ ಆಯಾ ಕೈಲಿ ಹಿಡಿಸಿಕೊಂಡು ಕಲ್ಲಿನ ಕಟ್ಟೆಯ ಮೇಲೆ ಇಡಿಸಿದ್ದೆ. ಸದ್ದು ಹಿಂದಿನಷ್ಟೇ ಇದ್ದುದರಿಂದ ಯಾರೂ ಗಮನಿಸಿರಲಿಲ್ಲ. ಯಂತ್ರ ತಿರುಗುತ್ತಿತ್ತು. ಪಕ್ಕದಲ್ಲಿ ನಾನು ಅರ್ಧ ಕುಡಿದು ಇಟ್ಟಿದ್ದ ನೀರಿನ ಲೋಟ. ಅದರ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು.

ಎರಡು ಕೋಣೆಗಳ ನಡುವೆ ಇದ್ದುದು ಹಲಗೆಯ ಗೋಡೆ. ಅದನ್ನು ಎಬ್ಬಿಸಿದ್ದು ಒಂದೇ ಉದ್ದ ಕಲ್ಲಿನ ಮೇಲೆ. ಆ ಕಲ್ಲಿನ ಈ ತುದಿಯಲ್ಲಿ ನನ್ನ ಯಂತ್ರ, ಆ ತುದಿಯಲ್ಲಿ ಅಕ್ಕನ ಕಡ್ಡಿಗಳು. ಯಂತ್ರ ಜಾಗ ಬದಲಿಸಿ ಎಷ್ಟು ದಿನವಾಯಿತೆಂದು ಬೆರಳು ಮಡಿಸಿದೆ. ಹದಿನೇಳು. ಕಡ್ಡಿಗಳು ಅಲುಗತೊಡಗಿಯೂ ಅಷ್ಟೇ ದಿನ.

ಯಂತ್ರ ನಿಲ್ಲಿಸಿ ಓಡಿಹೋಗಿ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಬಹಳ ಹೊತ್ತು ಕಲ್ಲನ್ನೇ ಸವರಿದರು.

"ಈಗ ಎಲ್ಲ ನಿಂತಿದೆ ತಾನೇ? ಹಾಗಾದ್ರೆ ಆಡ್ತೀನಿ, ನೋಡು."

ಕಡ್ಡಿಗಳು ಬಿದ್ದವು. ಹತ್ತು ಬಂದವು, ಇಪ್ಪತ್ತು ಬಂದವು. ನನಗೆ ನಗು ಉಕ್ಕಿ ಬರುವುದರಲ್ಲಿತ್ತು. ಇಪ್ಪತ್ತಾರನೆಯದನ್ನು ಎತ್ತುವಾಗ ಕೆಳಗಿದ್ದ ನೀಲಿ ಕಡ್ಡಿ ಕೂದಲೆಳೆಯಷ್ಟು ಸರಿಯಿತು. ನಾನು ನೋಡಲಿಲ್ಲವೆಂಬಂತೆ ಸುಮ್ಮನಿದ್ದೆ. ಮೂವತ್ತರಲ್ಲಿ ಕೊನೆಯ ಕೆಂಪು ಉರುಳಿತು. ಒಳಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ.

"ಹೆದರಿಕೆಗೆ ಅಕ್ಕ, ಹದಿನೇಳು ದಿನದ ಹೆದರಿಕೆ," ಎಂದೆ.

"ಇರಬಹುದು. ಆ ಐದಾರು ನಿನ್ನ ಯಂತ್ರದ್ದು. ಈ ಎರಡು ನನ್ನದು."

ಅರ್ಜಿಯನ್ನು ಅವರು ಹರಿಯಲೂ ಇಲ್ಲ, ಕೊಡಲೂ ಇಲ್ಲ. ಮೇಜಿನ ಖಾನೆಯಲ್ಲಿ ಹಾಕಿದರು. ಅದೇ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಡಾಕ್ಟರ ಬಳಿ ಹೋದರು. ಸರದಿಗೆ ಕಾಯುವಾಗ ನನ್ನ ಮಣಿಕಟ್ಟು ಹಿಡಿದವರು ಬಿಡಲಿಲ್ಲ. ಡಾಕ್ಟರು ಅವರಿಂದ ಸುರುಳಿ ಬರೆಸಿದರು, ಬೆರಳು ತಟ್ಟಿಸಿದರು, ನಡೆಸಿ ನೋಡಿದರು. ನಡುಕ ಸ್ವಲ್ಪ ಭಯದ್ದು, ಉಳಿದದ್ದು ಅಪ್ಪನಿಗಿದ್ದದ್ದೇ ಹೌದೋ ಅಲ್ಲವೋ ಎಂದು ಈಗಲೇ ಹೇಳಲಾಗದು, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಯಂತ್ರ ಮರದ ಸ್ಟ್ಯಾಂಡಿಗೆ ಮರಳಿತು.

ಹದಿನೈದು ದಿನಕ್ಕೊಮ್ಮೆ ಬರುವ ಆ ಮಗು ಮತ್ತೆ ಬಂದಾಗ ಅಕ್ಕ ಅದರ ಎದುರು ಕುಳಿತು, ಕಣ್ಣು ಮುಚ್ಚಿ, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. "ಇಲ್ಲಿ," ಎಂದರು. ಅವರ ಬೆರಳಿನ ಪಕ್ಕದಲ್ಲೇ ನಾನು ಚುಚ್ಚಿದೆ. ಒಂದೇ ಸಲಕ್ಕೆ ಬಂತು.

ಸೂಜಿ ಅಕ್ಕ ಈಗ ದೊಡ್ಡವರ ರಕ್ತ ತೆಗೆಯುತ್ತಾರೆ. ಮಕ್ಕಳು ಬಂದರೆ ನರ ಹುಡುಕಿಕೊಡುತ್ತಾರೆ, ಸೂಜಿ ನಾನು ಹಾಕುತ್ತೇನೆ. ದಿನಾ ಬೆಳಗ್ಗೆ ಏಳಕ್ಕೆ ಮೊದಲು ಕಡ್ಡಿ ಆಡಿ, ಎಷ್ಟು ಅಲುಗಿದವೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ.