ಚಾಪೆ ಅಕ್ಕನ ಅಳತೆಯ ಬೆಲ್ಟು

ಅವಳನ್ನು ಎಲ್ಲರೂ ಚಾಪೆ ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ. ಇಪ್ಪತ್ತೆರಡು ವರ್ಷ ಕುಸ್ತಿ ಕಂಪನಿಯಲ್ಲಿ ದುಡಿದು, ಒಂದೇ ಒಂದು ಸಲವೂ ಗೆಲ್ಲದೆ, ಭಾನುವಾರ ಮಧ್ಯಾಹ್ನ ಬಂತೆಂದರೆ ರಿಂಗಿನ ನಡುವೆ ಅಂಗಾತ ಮಲಗಿ ಎದ್ದು ಬರುವವಳಿಗೆ ಇನ್ನೇನು ಹೆಸರಿಟ್ಟಾರು? ಕೆಳಗೆ ಬಿದ್ದರೂ ಜಟ್ಟಿಯ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಪಾಪ, ಹಾಗೆ ಹೇಳಿಕೊಳ್ಳೋಣವೆಂದರೆ ಇವಳಿಗೆ ಮೀಸೆಯೂ ಇರಲಿಲ್ಲ.

ಹಾಗೆಂದು ಅವಳು ಕೈಲಾಗದವಳಲ್ಲ. ಟಿಕೆಟ್ಟು ಕೊಂಡು ನೋಡುವ ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಎಂಬುದು ಬೆಳಿಗ್ಗೆಯೇ ಮಾಲೀಕನ ಕೋಣೆಯಲ್ಲಿ ತೀರ್ಮಾನವಾಗಿರುತ್ತದೆ. ನೋಡುವವರಿಗೂ ಅದು ಒಳಗೊಳಗೇ ಗೊತ್ತು, ಗೊತ್ತಿದ್ದೂ ಗಂಟಲು ಹರಿಯುವಂತೆ ಕೂಗುತ್ತಾರೆ. ಇಲ್ಲಿ ಗೆಲ್ಲುವುದು ಯಾರಿಗೆ ಬೇಕಾದರೂ ಬರುತ್ತದೆ, ಸೋಲುವುದಕ್ಕೆ ವಿದ್ಯೆ ಬೇಕು. ಎದುರಾಳಿ ಎತ್ತಲು ಬಂದಾಗ ಅವಳ ಮಣಿಕಟ್ಟನ್ನು ಎರಡು ಸಲ ಅದುಮಬೇಕು, ಅಂದರೆ ನಾನು ತಯಾರು ಎಂದು. ಆಮೇಲೆ ಅರ್ಧ ತಾನೇ ಜಿಗಿದು ಅವಳ ಹೆಗಲೇರಬೇಕು. ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಎರಡೂ ಅಂಗೈಯಿಂದ ನೆಲಕ್ಕೆ ಹೊಡೆಯಬೇಕು. ಹಲಗೆ ಢಬ್ಬೆನ್ನುತ್ತದೆ, ಜನ ಅಯ್ಯೋ ಎನ್ನುತ್ತಾರೆ, ಮೂಳೆ ಮಾತ್ರ ನೆಟ್ಟಗಿರುತ್ತದೆ. ಕಂಪನಿಗೆ ಬಂದ ಹುಡುಗಿಯರಿಗೆಲ್ಲ ಹೆಸರು ತಂದುಕೊಟ್ಟದ್ದು ಚಾಪೆ ಅಕ್ಕನ ಬೆನ್ನು.

ಹೆಂಗಸರ ಆಟಕ್ಕೆ ಕೊಡುತ್ತಿದ್ದದ್ದೇ ಆರು ನಿಮಿಷ. ಒಂದೇ ಸಲ ಬೀಳುವುದು, ಒಂದೇ ಸಲ ಎಣಿಸುವುದು. ಬಿದ್ದವಳ ಮೇಲೆ ಎದುರಾಳಿ ಅಡ್ಡ ಮಲಗುತ್ತಾಳೆ, ರೆಫರಿ ನೆಲ ಬಡಿದು ಒಂದು, ಎರಡು, ಮೂರು ಎನ್ನುತ್ತಾನೆ. ಮೂರರೊಳಗೆ ಒಂದು ಭುಜ ಎದ್ದರೆ ಆಟ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಗಿಯಿತು. ಆ ಮೂರು ಏಟಿನ ಹೊತ್ತು ಅವಳಿಗೆ ವಿಶ್ರಾಂತಿ. ತಗಡಿನ ಚಾವಣಿಯಲ್ಲಿ ಮಿಣುಕುವ ಒಂದು ದೀಪವಿತ್ತು. ಅದನ್ನು ನೋಡುತ್ತ, ಮನೆಗೆ ಹೋಗುವಾಗ ಸೋಪು ತರಬೇಕೋ ಎಣ್ಣೆ ತರಬೇಕೋ ಎಂದು ಯೋಚಿಸುತ್ತ ಮಲಗಿರುತ್ತಿದ್ದಳು.

ಅವಳಿಗಿದ್ದ ಆಸೆ ಒಂದೇ. ಸೊಂಟಕ್ಕೊಂದು ಬೆಲ್ಟು ಕಟ್ಟಿಕೊಳ್ಳಬೇಕು.

ಗಂಡಸರಿಗೆ ಮೂರು ಪಟ್ಟಗಳಿದ್ದವು, ಮೂರಕ್ಕೂ ಹಿತ್ತಾಳೆಯ ಬಿಲ್ಲೆ ಜಡಿದ ಅಗಲದ ಚರ್ಮದ ಬೆಲ್ಟುಗಳಿದ್ದವು. ದಪ್ಪಗಿರುವವರಿಗೆಂದೇ ಒಂದು ಪಟ್ಟವಿತ್ತು, ಹೆಂಗಸರಿಗೆ ಮಾತ್ರ ಇಲ್ಲ. ಅವಳ ಹೊಟ್ಟೆ ಉರಿಸಲೆಂದೇ ಎಂಬಂತೆ ಆ ಬೆಲ್ಟುಗಳು ರಿಪೇರಿಗೆ ಬರುತ್ತಿದ್ದದ್ದು ಅವಳ ಮನೆಗೇ. ಗಂಡ ಮುಂದಿನ ಕೋಣೆಯಲ್ಲಿ ಚೀಲ, ಚಪ್ಪಲಿ ಹೊಲಿಯುವವನು, ಕಂಪನಿಯ ಚರ್ಮದ ಕೆಲಸವೂ ಅವನದೇ. ಊಟದ ಮೇಜಿನ ಮೇಲೆ ವಾರಗಟ್ಟಲೆ ಬೆಲ್ಟುಗಳು ಬಿದ್ದಿರುತ್ತಿದ್ದವು. ಅವಳು ಒರೆಸಿ ಎತ್ತಿಡುತ್ತಿದ್ದಳೇ ಹೊರತು ಒಮ್ಮೆಯೂ ಸೊಂಟಕ್ಕೆ ಹಿಡಿದು ನೋಡಲಿಲ್ಲ. ಗೆಲ್ಲದವರು ಕಟ್ಟಿಕೊಳ್ಳಬಾರದು, ಅದು ಆ ಕಸುಬಿನ ಕಟ್ಟಳೆ. ಅವಳ ಗಂಡನೂ ಬೇರೆಯವರ ಬೆಲ್ಟಿನ ಅಳತೆಯನ್ನು ದಾರದಿಂದ ತೆಗೆಯುತ್ತಿದ್ದನೇ ವಿನಾ ತನ್ನ ಮೈಮೇಲೆ ಇಟ್ಟವನಲ್ಲ.

ವರ್ಷಕ್ಕೊಮ್ಮೆ ಅವಳು ಮಾಲೀಕನ ಮುಂದೆ ನಿಲ್ಲುತ್ತಿದ್ದಳು. "ಹೆಂಗಸರಿಗೂ ಒಂದು ಪಟ್ಟ ಇಡಿ ಸಾರ್."

"ನಿಮ್ಮ ಆಟ ಬಂದ್ರೆ ಜನ ಟೀ ಕುಡಿಯೋಕೆ ಎದ್ದು ಹೋಗ್ತಾರಲ್ಲಮ್ಮ. ಬೆಲ್ಟನ್ನ ಖಾಲಿ ಕುರ್ಚಿಗೆ ತೋರಿಸ್ತೀಯಾ?"

ಜನ ನಿಜವಾಗಿಯೂ ಎದ್ದು ಹೋಗುತ್ತಿದ್ದರು.

ಆಮೇಲೆ ಗುಡುಗು ಬಂದಳು. ಗೋದಾಮಿನಲ್ಲಿ ಮೂಟೆ ಹೊತ್ತು ಬೆಳೆದ, ಬಾಗಿಲಗಲದ ಹೆಣ್ಣು. ನಕ್ಕರೆ ಕುಸ್ತಿ ನಡೆಯುವ ಹಾಲ್‌ನ ಕಿಟಕಿ ಅದುರುತ್ತಿತ್ತು, ಅದಕ್ಕೇ ಆ ಹೆಸರು. ಚಾಪೆ ಅಕ್ಕ ಅವಳಿಗೆ ಎತ್ತುವುದನ್ನು ಕಲಿಸಿದಳು, ಎಸೆಯುವುದನ್ನು ಕಲಿಸಿದಳು, ಎಸೆದ ಮೇಲೆ ಮುಖ ಹೇಗಿಡಬೇಕೆಂದೂ ಕಲಿಸಿದಳು. ಆರು ತಿಂಗಳಲ್ಲಿ ಟೀ ಅಂಗಡಿಯವನು ಬಂದು ಮಾಲೀಕನ ಹತ್ತಿರ ಗೋಳಾಡಿದ: ಹೆಂಗಸರ ಆಟಕ್ಕೆ ಈಗ ಯಾರೂ ಏಳುವುದೇ ಇಲ್ಲವಂತೆ. ಮಾಲೀಕ ಆ ವಾರವೇ ಹೆಂಗಸರ ಪಟ್ಟ ಸಾರಿಬಿಟ್ಟ.

ಮೊದಲ ಪಟ್ಟ ಗುಡುಗಿಗೇ ಎಂದು ಎಲ್ಲರೂ ತಿಳಿದಿದ್ದರು. ಅವಳು ಮಾತ್ರ ಮಾಲೀಕನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೊದಲು ಅಕ್ಕ ಕಟ್ಕೊಳ್ಳಲಿ ಸಾರ್. ಎರಡು ತಿಂಗಳು ಇಟ್ಕೊಳ್ಳಲಿ, ಆಮೇಲೆ ನಾನು ಅವರಿಂದ ಗೆದ್ದುಕೊಳ್ತೀನಿ. ಯಾರಿಂದಲೂ ಗೆಲ್ಲದೇ ಇದ್ದಿದ್ದು ಎಂಥ ಪಟ್ಟ?"

ಮಾಲೀಕ ತಲೆ ಕೆರೆದುಕೊಂಡು ಒಪ್ಪಿದ.

ಆ ಸಂಜೆ ಗಂಡ ದಾರ ಹಿಡಿದು ಬಂದ. ಮದುವೆಯಾಗಿ ಹತ್ತೊಂಬತ್ತು ವರ್ಷ, ಊರವರ ಸೊಂಟವನ್ನೆಲ್ಲ ಅಳೆದವನು ಹೆಂಡತಿಯದನ್ನು ಅಳೆದದ್ದು ಅದೇ ಮೊದಲು.

"ಉಸಿರು ಹಿಡ್ಕೋಬೇಡ ಕಣೇ, ಸರಿಯಾಗಿ ನಿಂತ್ಕೋ."

"ಸ್ವಲ್ಪ ಬಿಗಿಯಾಗೇ ಇರಲಿ ರೀ. ಸಡಿಲ ಆದ್ರೆ ಎರವಲು ತಂದ ಹಾಗೆ ಕಾಣುತ್ತೆ."

ಇಪ್ಪತ್ತು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಗಂಡಸರ ಬೆಲ್ಟಿಗೆ ಒಂದು ಸಾಲು ಹೊಲಿಗೆ ಹಾಕುತ್ತಿದ್ದವನು ಇದಕ್ಕೆ ಎರಡು ಸಾಲು ಹಾಕಿದ. ಹಿಂಭಾಗದಲ್ಲಿ, ಅವಳ ಅಳತೆಗೆ ಸರಿಯಾಗಿ, ನಾಲ್ಕು ಒತ್ತುಗುಂಡಿ ಕೂರಿಸಿದ. ಗೆದ್ದವರ ಹೆಸರು ಕೆತ್ತಲು ಮುಂದೆ ಒಂದು ಚಿಕ್ಕ ತಗಡಿತ್ತು. ಅದರ ಮೊದಲ ಸಾಲು ಖಾಲಿ. ಮಾತು ಮಾತಿಗೂ ಅವಳು ಆ ತಗಡನ್ನು ಸೆರಗಿನಿಂದ ಒರೆಸುತ್ತಿದ್ದಳು.

ಪಟ್ಟದ ಆಟವಿದ್ದ ಭಾನುವಾರ ಹಾಲ್ ಕಿಕ್ಕಿರಿದಿತ್ತು. ಈ ಸಲ ಆಟಕ್ಕೆ ಕೊಟ್ಟದ್ದು ಹದಿನೈದು ನಿಮಿಷ. ಗುಡುಗು ಎತ್ತಿ ಒಗೆಯಬೇಕು, ಮೇಲೆ ಮಲಗಬೇಕು, ರೆಫರಿ ಎರಡು ಎನ್ನಬೇಕು, ಆಗ ಚಾಪೆ ಅಕ್ಕ ಭುಜ ಎತ್ತಬೇಕು. ಅಲ್ಲಿಂದ ಹೊರಳಿ ಗುಡುಗಿನ ಮೇಲೆ ಬಿದ್ದರೆ ಪಟ್ಟ ಅವಳದು. ವಾರವೆಲ್ಲ ಅಭ್ಯಾಸ ಮಾಡಿದ್ದರು. ಅದೂ ಮಾಡಿದ್ದೇನು? ಎಸೆಯುವುದು, ಹೊರಳುವುದು. ಭುಜ ಎತ್ತುವುದನ್ನು ಅಭ್ಯಾಸ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದನ್ನೇನು ಕಲಿಯುವುದು, ಕೂಸೂ ಎತ್ತುತ್ತದೆ.

ಹದಿಮೂರನೇ ನಿಮಿಷದಲ್ಲಿ ಚಾಪೆ ಅಕ್ಕ ಗುಡುಗಿನ ಮಣಿಕಟ್ಟು ಅದುಮಿದಳು. ಜನ್ಮದಲ್ಲೇ ಅಷ್ಟು ಚೆನ್ನಾಗಿ ಬಿದ್ದಿರಲಿಲ್ಲ. ಇಡೀ ಹಾಲ್ ಎದ್ದು ನಿಂತಿತು. ಬೆನ್ನು ನೆಲ ಮುಟ್ಟಿದೊಡನೆ ಮೈಯೆಲ್ಲ ಸಡಿಲವಾಯಿತು. ಮೇಲೆ ಅದೇ ದೀಪ ಮಿಣುಕುತ್ತಿತ್ತು. ಒಂದು. ಸೋಪು ಮುಗಿದಿದೆ. ಎರಡು. "ಅಕ್ಕಾ, ಏಳಿ!" ಎಂದು ಗುಡುಗು ಕಿವಿಯಲ್ಲಿ ಪಿಸುಗುಟ್ಟಿದಳು. ಏಳಬೇಕು ಎಂದು ಅವಳಿಗೂ ಗೊತ್ತಾಯಿತು, ಭುಜಕ್ಕೆ ಗೊತ್ತಾಗಲಿಲ್ಲ.

ಮೂರು.

ರೆಫರಿಯನ್ನು ಬೈದು ಪ್ರಯೋಜನವಿಲ್ಲ. ಭುಜ ಏಳದಿದ್ದರೆ ಕೈ ನಿಲ್ಲಬಾರದು. ಹಿಂದೆ ಒಮ್ಮೆ ಅವನು ಗೆಲ್ಲಬೇಕಾದವನಿಗಾಗಿ ಕೈ ತಡೆದದ್ದಕ್ಕೆ ಜನ ಕುರ್ಚಿ ಎಸೆದಿದ್ದರು. ಗಂಟೆ ಹೊಡೆಯಿತು, ಮಾಲೀಕ ಬೆಪ್ಪಾಗಿ ಬೆಲ್ಟು ಹಿಡಿದು ಬಂದ. ಗುಡುಗು ಅಳುತ್ತಿದ್ದಳು, ಆನಂದಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಬೆಲ್ಟು ಅವಳ ಸೊಂಟವನ್ನು ಸುತ್ತಲೇ ಇಲ್ಲ. ನಾಲ್ಕು ಬೆರಳು ಕಡಿಮೆ ಬಿತ್ತು, ಹೆಗಲ ಮೇಲೆ ಹಾಕಿಕೊಂಡು ಹೋದಳು. ಚಾಪೆ ಅಕ್ಕ ಎಂದಿನಂತೆ ಹಗ್ಗದ ಕೆಳಗಿನಿಂದ ನುಸುಳಿ ಹೊರಟಳು. ದಾರಿಯಲ್ಲಿ ಮರೆಯದೆ ಸೋಪು ಕೊಂಡಳು.

ಬುಧವಾರ ಗುಡುಗು ಬೆಲ್ಟನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಮಾಲೀಕ ಉದ್ದ ಮಾಡಿಸಿಕೊಂಡು ಬಾ ಎಂದಿದ್ದ. ಮೊದಲ ಸಾಲಿನಲ್ಲಿ ಅವಳ ಹೆಸರನ್ನು ಆಗಲೇ ಕೆತ್ತಿಯಾಗಿತ್ತು.

"ಅಕ್ಕ, ಮುಂದಿನ ತಿಂಗಳು ಮತ್ತೆ ನಾವಿಬ್ಬರೇ ಅಂತೆ. ನಾನು ಸಾರ್ ಹತ್ರ ಮಾತಾಡ್ತೀನಿ. ನೀವೇ ಗೆಲ್ಲಿ."

"ಸಾರ್ ಏನಂದ್ರು, ಅದನ್ನ ಹೇಳು."

ಗುಡುಗು ತಲೆ ತಗ್ಗಿಸಿದಳು. "ಜನ ನನ್ನ ಪಟ್ಟ ಅಂತ ಒಪ್ಪಿಬಿಟ್ಟಿದ್ದಾರೆ, ಈಗ ಬದಲಾಯಿಸೋಕಾಗಲ್ಲ ಅಂದ್ರು."

"ಸರಿಯಾಗೇ ಹೇಳಿದಾರೆ. ಮೂರು ಅಂದ ಮೇಲೆ ಮೂರೇ. ನೀನು ಎತ್ತುವಾಗ ಎಡಗಾಲು ಇನ್ನೂ ಸ್ವಲ್ಪ ಹಿಂದಿಡು, ಸೊಂಟ ಹಿಡ್ಕೊಳ್ಳುತ್ತೆ. ನಾಲ್ಕು ಗಂಟೆಗೆ ಬಾ, ಬೆಲ್ಟು ಆಗಿರುತ್ತೆ."

ಗುಡುಗು ಹೋದ ಮೇಲೆ ಗಂಡ ಇಕ್ಕಳ ತೆಗೆದುಕೊಂಡು ಹಳೆಯ ಗುಂಡಿಗಳನ್ನು ಕೀಳಲು ಕುಳಿತ. ಬೆಲ್ಟು ತೊಡೆಯ ಮೇಲಿತ್ತು, ಹೆಂಡತಿ ಎದುರಿಗಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಸಲ ಕಟ್ಟಿಕೋ ಎನ್ನಲು ಅವನ ಬಾಯಿ ತೆರೆಯಿತು, ಅವಳ ಮುಖ ನೋಡಿ ಮುಚ್ಚಿತು.

ಅವಳು ಚರ್ಮದ ಚೂರುಗಳನ್ನು ಅತ್ತ ಸರಿಸಿ ನೆಲದ ಮೇಲೆ ಅಂಗಾತ ಮಲಗಿದಳು.

"ರೀ, ಎಣಿಸಿ."

"ಏನನ್ನೇ?"

"ರೆಫರಿ ಎಣಿಸ್ತಾನಲ್ಲ, ಹಾಗೆ."

ಅವನು ಇಕ್ಕಳ ಕೆಳಗಿಟ್ಟು ಅಂಗೈಯಿಂದ ನೆಲ ಬಡಿದ. ಒಂದು. ಎರಡು. ಅಲ್ಲಿಗೆ ಅವನ ಕೈ ಮೇಲೆಯೇ ನಿಂತುಬಿಟ್ಟಿತು.

"ನಿಲ್ಲಿಸಬೇಡಿ! ಅದು ಮೋಸ. ಮತ್ತೆ ಎಣಿಸಿ."

ಅವನು ಮತ್ತೆ ಬಡಿದ, ಈ ಸಲ ತಡೆಯದೆ. ಒಂದು, ಎರಡು, ಮೂರನೆಯ ಏಟಿಗೆ ಕೈ ಇಳಿಯುತ್ತಿರುವಂತೆಯೇ ಅವಳ ಬಲಭುಜ ನೆಲ ಬಿಟ್ಟು ಚಂಗನೆ ಮೇಲೆದ್ದಿತು.

"ನೋಡಿದ್ರಾ?" ಎಂದಳು. ಎದ್ದು ಕುಳಿತು, ಭುಜಕ್ಕೆ ಅಂಟಿದ್ದ ಚರ್ಮದ ಚೂರು ಕೊಡವಿದಳು. "ಕೆಟ್ಟ ಮೇಲೆ ಬುದ್ಧಿ ಬಂತು. ನನಗೆ ಬೇಕಿತ್ತು ರೀ. ತುಂಬಾ ಬೇಕಿತ್ತು."

"ಗೊತ್ತು ಕಣೇ," ಎಂದ ಅವನು.

ನಾಲ್ಕು ಗಂಟೆಗೆ ಗುಡುಗು ಬಂದು ಬೆಲ್ಟು ಕಟ್ಟಿಕೊಂಡು ನೋಡಿದಳು. ಸೇರಿಸಿದ ತುಂಡು ಸರಿಯಾಗಿತ್ತು, ಹೊಸ ಗುಂಡಿಗಳು ಟಕ್ಕೆಂದು ಕೂತವು. ಬಿಚ್ಚುವಾಗ ಅವಳ ಬೆರಳಿಗೆ ಒಳಗಡೆ ಇನ್ನೂ ನಾಲ್ಕು ಗುಂಡಿ ತಗುಲಿದವು.

"ಭಾವ, ಹಳೇ ಗುಂಡಿ ಕೀಳೋದು ಮರೆತಿದ್ದೀರಿ."

"ಮರೆತಿಲ್ಲಮ್ಮ, ಅವು ಅಲ್ಲೇ ಇರಲಿ," ಎಂದು ಅವನು ಮತ್ತೊಂದು ಚಪ್ಪಲಿ ಕೈಗೆತ್ತಿಕೊಂಡ.